ಪಿಕಪ್‌ಗೆ ಸೈಡ್ ಸ್ಟೆಪ್: ಕರಾವಳಿಯಲ್ಲಿ ತುಕ್ಕು ಹಿಡಿಯದ ಹಾಗೆ ಕೂರಿಸುವುದು ಹೇಗೆ?

ಕಡಲತಡಿ (ಕಾಪು)

ಎಲ್ಲರಿಗೂ ನಮಸ್ಕಾರ. ನನ್ನದು ಇಸುಜು ವಿ-ಕ್ರಾಸ್ ಪಿಕಪ್, ಡಬಲ್ ಕ್ಯಾಬ್ (ನಾಲ್ಕು ಬಾಗಿಲಿನದು). ಹಿಂದಿನ ಮಾಲೀಕರು ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ ಕಬ್ಬಿಣದ ಪೈಪಿನ ಸೈಡ್ ಸ್ಟೆಪ್ ಇದೆ. ಕಪ್ಪು ಪೌಡರ್ ಕೋಟಿಂಗ್. ಮೇಲಿನಿಂದ ನೋಡಿದರೆ ಈಗಲೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಮೊನ್ನೆ ಹತ್ತುವಾಗ ಎಡಗಡೆಯದು ಸ್ವಲ್ಪ ಕೆಳಗೆ ಬಾಗಿತು. ಅಡಿಗೆ ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಬ್ರ್ಯಾಕೆಟ್ ಪದರ ಪದರವಾಗಿ ಎದ್ದಿದೆ.

ಮನೆಯಿಂದ ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಗಾಡಿ ದಿನಾ ಹೆದ್ದಾರಿ 66ರಲ್ಲೇ ಓಡುತ್ತದೆ. ಅಮ್ಮನಿಗೆ ಮೊಣಕಾಲು ನೋವು, ಸ್ಟೆಪ್ ಇಲ್ಲದೆ ಹತ್ತಲು ಆಗುವುದಿಲ್ಲ. ಹಾಗಾಗಿ "ಕಿತ್ತು ಬಿಸಾಡಿ" ಎನ್ನುವ ಸಲಹೆ ದಯವಿಟ್ಟು ಬೇಡ.

ಹೊಸದು ಹಾಕಿಸಬೇಕು. ಯಾವ ಲೋಹ? ನಾನೇ ಕೂರಿಸಬಹುದಾ? ಮುಂದಿನ ಮಳೆಗಾಲಗಳನ್ನು ತಡೆಯಬೇಕಾದರೆ ಏನು ಬಳಿಯಬೇಕು?

ಬೆಂಗ್ಳೂರ್ ಡಬಲ್ ಕ್ಯಾಬ್

ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ, ಕಥೆ ಮುಗೀತು. ನನ್ನ ಹೈಲಕ್ಸ್‌ನಲ್ಲಿ ಅದೇ ಇರೋದು, ಒಂದು ಚುಕ್ಕೆ ತುಕ್ಕಿಲ್ಲ.

ವೆಲ್ಡಿಂಗ್ ಕಿಡಿ (ಹುಬ್ಬಳ್ಳಿ)

ಬೆಂಗಳೂರಿನಲ್ಲಿ ಕಬ್ಬಿಣದ ಗೇಟು ಕೂಡ ಹತ್ತು ಹದಿನೈದು ವರ್ಷ ನಿಲ್ಲುತ್ತದೆ ಸಾರ್. ಕಾಪುವಿನ ಲೆಕ್ಕ ಬೇರೆ.

ಇನ್ನೊಂದು ಮಾತು. ಸ್ಟೇನ್‌ಲೆಸ್ ಅಂದರೆ ಯಾವುದು? ಆಕ್ಸೆಸರಿ ಅಂಗಡಿಗಳಲ್ಲಿ ಸಿಗುವುದರಲ್ಲಿ 202 ದರ್ಜೆ ಜಾಸ್ತಿ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ, ಅದಕ್ಕೇ ಅಗ್ಗ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. 316ರಲ್ಲಿ ಇವುಗಳ ಜೊತೆ 2ರಿಂದ 3 ಭಾಗ ಮಾಲಿಬ್ಡಿನಂ ಇರುತ್ತದೆ. ಉಪ್ಪಿನ ಗಾಳಿಯನ್ನು ನಿಜವಾಗಿ ತಡೆಯುವುದು ಅದು. ಆದರೆ 316ರಲ್ಲಿ ರೆಡಿ ಸ್ಟೆಪ್ ಮಾಡಿ ಮಾರುವವರನ್ನು ನಾನಂತೂ ನೋಡಿಲ್ಲ. ಮಾಡಿಸಿಯೇ ತಗೋಬೇಕು.

ಅಂಗಡಿಯವರು ಮ್ಯಾಗ್ನೆಟ್ ಹಿಡಿದು ತೋರಿಸಿ "ನೋಡಿ, ಅಂಟಲ್ಲ, ಒರಿಜಿನಲ್ 304" ಅನ್ನುತ್ತಾರೆ. ನಂಬಬೇಡಿ. 202ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಅದನ್ನು ಪತ್ತೆ ಮಾಡಲು ಒಂದು ದ್ರಾವಣ ಬರುತ್ತದೆ. ಒಂದು ಹನಿ ಬಿಟ್ಟರೆ ಬಣ್ಣ ಹೇಳುತ್ತದೆ. ಗುಜರಿಯವರು ಇಟ್ಟುಕೊಂಡಿರುತ್ತಾರೆ.

ಬೆಂಗ್ಳೂರ್ ಡಬಲ್ ಕ್ಯಾಬ್

ಓಹೋ. ನನ್ನದು ಯಾವುದು ಅಂತ ಈಗ ಅನುಮಾನ ಶುರುವಾಯ್ತು 😄

ಪಾನಾ ಪೆಟ್ಟಿಗೆ (ಮಂಗಳೂರು)

ಲೋಹದ ಚರ್ಚೆ ಆಮೇಲೆ ಮಾಡೋಣ. ಕಡಲತಡಿಯವರೇ, ನೀವೇ ಉತ್ತರ ಬರೆದಿದ್ದೀರಿ: ಪೈಪ್ ಚೆನ್ನಾಗಿದೆ, ಬ್ರ್ಯಾಕೆಟ್ ಹೋಗಿದೆ. ವರ್ಕ್‌ಶಾಪಿಗೆ ಬರುವ ಗಾಡಿಗಳಲ್ಲಿ ನಾನು ನೋಡುವುದೂ ಇದನ್ನೇ. ಕಣ್ಣಿಗೆ ಕಾಣುವ ಪೈಪಿಗೆ ಜನ ದುಡ್ಡು ಹಾಕುತ್ತಾರೆ, ಭಾರ ಹೊರುವ ಬ್ರ್ಯಾಕೆಟ್ಟನ್ನು ಕೇಳುವವರಿಲ್ಲ.

ದಯವಿಟ್ಟು ಮೂರು ಜಾಗ ನೋಡಿ ಹೇಳಿ. ಬ್ರ್ಯಾಕೆಟ್ ಚಾಸಿಗೆ ಸೇರುವ ಜಾಗದಲ್ಲಿ ಚಾಸಿಯ ಪೇಂಟ್ ಹೇಗಿದೆ? ಪೈಪಿನ ಎರಡು ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ನೀರೋ ಕೆಸರೋ ಇದೆಯಾ? ಬಾಗಿಲ ಕೆಳಗಿನ ತಗಡಿಗೆ ಯಾರಾದರೂ ತೂತು ಹಾಕಿದ್ದಾರಾ?

ತೋಟದ ದಾರಿ (ಮೂಡಿಗೆರೆ)

ನಮ್ಮ ಕಡೆ ಉಪ್ಪಿಲ್ಲ, ಆದರೂ ತುಕ್ಕಿದೆ. ಕಾರಣ ಮಣ್ಣು. ಬೋರ್ಡಿಗೂ (ಹಲಗೆಯಂಥ ಚಪ್ಪಟೆ ಸ್ಟೆಪ್) ಬಾಡಿಗೂ ನಡುವಿನ ಸಂದಿಯಲ್ಲಿ ಕೆಸರು, ಕೊಳೆತ ಎಲೆ ತುಂಬಿಕೊಳ್ಳುತ್ತದೆ. ಜೂನ್‌ನಲ್ಲಿ ಕೂತದ್ದು ಅಕ್ಟೋಬರ್ ತನಕ ಒಣಗುವುದೇ ಇಲ್ಲ.

ನಾನು ಹಾಕಿಸಿರುವುದು ಅಲ್ಯೂಮಿನಿಯಂ ಬೋರ್ಡು, ಮೇಲೆ ರಬ್ಬರ್ ಪಟ್ಟಿ. ಬೋರ್ಡಿಗೆ ಏನೂ ಆಗಿಲ್ಲ. ಬ್ರ್ಯಾಕೆಟ್ ಮಾತ್ರ ಕಬ್ಬಿಣದ್ದೇ ಕೊಟ್ಟಿದ್ದರು, ಅದನ್ನು ಒಮ್ಮೆ ಬದಲಾಯಿಸಿದೆ. ಅಗಲದ ಬೋರ್ಡಿನ ತೊಂದರೆ ಏನೆಂದರೆ ಕೆಸರಿಗೆ ತಟ್ಟೆ ಇಟ್ಟ ಹಾಗೆ. ಆ ವಿಷಯದಲ್ಲಿ ದುಂಡು ಪೈಪೇ ವಾಸಿ.

ಇನ್ನೊಂದು, ತೋಟದ ದಾರಿಯಲ್ಲಿ ಓಡಿಸುವವರಿಗೆ: ಸೈಡ್ ಸ್ಟೆಪ್ ಬೇರೆ, ಕಲ್ಲಿನ ಪೆಟ್ಟಿನಿಂದ ಬಾಡಿ ಕಾಯುವ ರಾಕ್ ಸ್ಲೈಡರ್ ಬೇರೆ. ಸ್ಟೆಪ್ ಇರುವುದು ಮನುಷ್ಯರ ಭಾರಕ್ಕೆ. ಅದರ ಅಡಿಗೆ ಜ್ಯಾಕ್ ಕೊಡಬಾರದು. ಕಲ್ಲಿನ ಮೇಲೆ ಗಾಡಿ ಕೂತರೆ ಸ್ಟೆಪ್ ಮೇಲಕ್ಕೆ ಬಾಗಿ ಬಾಗಿಲೇ ತೆರೆಯದಂತೆ ಮಾಡುತ್ತದೆ. ನಮ್ಮ ಪಕ್ಕದ ತೋಟದ ಗಾಡಿಯಲ್ಲಿ ಆಗಿದೆ.

ಕಡಲತಡಿ

ಇವತ್ತು ನೋಡಿದೆ ಪಾನಾ ಅಣ್ಣ. ಮುಚ್ಚಳ ತೆಗೆದ ಕೂಡಲೇ ಪೈಪಿನಿಂದ ಕಂದು ನೀರು ಸುರಿಯಿತು. ಮಳೆ ನಿಂತು ವಾರ ಕಳೆದಿದೆ ಮಾರಾಯ್ರೆ! ಚಾಸಿಯಲ್ಲಿ ಬ್ರ್ಯಾಕೆಟ್ ಉಜ್ಜಿದ ಜಾಗದಲ್ಲಿ ಪೇಂಟ್ ಹೋಗಿ ಮೇಲಷ್ಟೇ ತುಕ್ಕು ಬಂದಿದೆ. ಸ್ಕ್ರೂಡ್ರೈವರಿನಿಂದ ಕುಟ್ಟಿದೆ, ಗಟ್ಟಿ ಇದೆ. ಬಾಗಿಲ ಕೆಳಗೆ ಬಲಗಡೆ ಎರಡು ತೂತು ಹಾಕಿದ್ದಾರೆ, ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಇದೆ. ಅದರ ಸುತ್ತ ಪೇಂಟ್ ಗುಳ್ಳೆ ಎದ್ದಿದೆ.

ಪಾನಾ ಪೆಟ್ಟಿಗೆ

ಆ ಎರಡು ತೂತುಗಳನ್ನು ಮೊದಲು ನೋಡಿಕೊಳ್ಳಿ. ಚಾಸಿಯ ತುಕ್ಕಿಗಿಂತ ಅದು ಅವಸರದ್ದು. ಚಾಸಿಯ ತಗಡು ದಪ್ಪ, ಬಾಗಿಲ ಕೆಳಗಿನದು ಒಂದು ಮಿಲಿಮೀಟರ್ ಆಸುಪಾಸು. ತೂತು ಕೊರೆದಾಗ ಕಂಪನಿಯ ಪ್ರೈಮರ್ ಪದರ ಹರಿಯುತ್ತದೆ, ಅಂಚು ಬೆತ್ತಲೆಯಾಗುತ್ತದೆ. ನೀರು ಸ್ಕ್ರೂ ಹಿಡಿದು ಒಳಗಿಳಿಯುತ್ತದೆ. ಆಮೇಲೆ ತುಕ್ಕು ಬರುವುದು ಒಳಗಿನಿಂದ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅಗಲಕ್ಕೆ ಹರಡಿರುತ್ತದೆ.

ಸ್ಕ್ರೂ ತೆಗೆದು, ಗುಳ್ಳೆ ಕೆರೆದು, ಹೊಳೆಯುವ ಲೋಹ ಬರುವ ತನಕ ಎಮರಿ ಹೊಡೆಯಿರಿ. ಎಪಾಕ್ಸಿ ಪ್ರೈಮರ್ ಹಾಕಿ. ತೂತಿಗೆ ರಬ್ಬರ್ ಬಿರಡೆ, ಸುತ್ತ ಸೀಲೆಂಟ್. ಒಳಭಾಗಕ್ಕೆ ಕ್ಯಾವಿಟಿ ವ್ಯಾಕ್ಸ್, ಉದ್ದ ಕೊಳವೆಯ ಸ್ಪ್ರೇ ಬರುತ್ತದೆ. ಕೆಳಗಡೆ ಸಣ್ಣ ಸಣ್ಣ ಕಿಂಡಿಗಳಿರುತ್ತವೆ. ಅವು ಕಂಪನಿಯವರೇ ನೀರು ಇಳಿಯಲೆಂದು ಬಿಟ್ಟದ್ದು. ಅವನ್ನು ಮಾತ್ರ ಮುಚ್ಚಬೇಡಿ.

ಉಪ್ಪಿನ ಹೆದ್ದಾರಿ (ಒಂಟಾರಿಯೊ, ಊರು ಕುಂದಾಪುರ)

ಈ ವಿಷಯ ಬಂದರೆ ನನಗೆ ಸುಮ್ನೆ ಇರಲು ಆಗಲ್ಲ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ. ಗಾಡ್ರಿಚ್ ಅಂತ ಊರಿದೆ. ಅಲ್ಲಿ ಹ್ಯೂರಾನ್ ಸರೋವರದ ಅಡಿಯಲ್ಲಿ, ಸುಮಾರು 550 ಮೀಟರ್ ಆಳದಲ್ಲಿ ಉಪ್ಪಿನ ಗಣಿ. ನೆಲದಡಿಯ ಉಪ್ಪಿನ ಗಣಿಗಳಲ್ಲಿ ಪ್ರಪಂಚದಲ್ಲೇ ದೊಡ್ಡದು ಅದು. ನಮ್ಮ ಟ್ರಕ್ಕುಗಳನ್ನು ತಿನ್ನುವ ಉಪ್ಪು ಅಂಥ ಕಡೆಯಿಂದ ಬರುತ್ತದೆ.

ಅಮೆರಿಕದಲ್ಲಿ ಟೊಯೋಟಾದವರು ಟಕೋಮಾ, ಟಂಡ್ರಾ, ಸೆಕ್ವೊಯಾ ಚಾಸಿಗಳ ತುಕ್ಕಿನ ಕೇಸಿನಲ್ಲಿ 2016ರಲ್ಲಿ ರಾಜಿಗೆ ಬಂದು, ತುಕ್ಕು ತೂತು ಮಾಡಿದ ಗಾಡಿಗಳಿಗೆ ಚಾಸಿಯನ್ನೇ ಬದಲಾಯಿಸಿ ಕೊಡಲು ಒಪ್ಪಿದರು. ಚಾಸಿಯ ಕಥೆಯೇ ಹೀಗಾದರೆ ಸ್ಟೆಪ್ಪಿನದು ಕೇಳಬೇಡಿ.

ಆದರೂ ಊರಿನ ತುಕ್ಕು ಇಲ್ಲಿಯದಕ್ಕಿಂತ ಸುಲಭ ಅಂತ ಅಂದುಕೊಳ್ಳಬೇಡಿ. ಇಲ್ಲಿ ಗಡ್ಡೆಕಟ್ಟುವ ಚಳಿಯಲ್ಲಿ ತುಕ್ಕಿನ ವೇಗ ಕಡಿಮೆ. ಬೇಸಿಗೆಯಲ್ಲಿ ರಸ್ತೆಯಲ್ಲಿ ಉಪ್ಪಿರುವುದಿಲ್ಲ. ಊರಲ್ಲಿ ಬಿಡುವೇ ಇಲ್ಲ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪಿನ ಹರಳು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಕರಾವಳಿಯಲ್ಲಿ ಎಷ್ಟು ದಿನ ಅದಕ್ಕಿಂತ ಕಡಿಮೆ ಇರುತ್ತದೆ ಹೇಳಿ? ಮಳೆ ಬರದಿದ್ದರೂ ಬ್ರ್ಯಾಕೆಟ್ ರಾತ್ರಿಯಿಡೀ ಒದ್ದೆ.

ಬಂದರು ಗಾಳಿ (ಮಲ್ಪೆ)

ಹೌದು. ಮೇಲಿಂದ ಮೀನಿನ ಲಾರಿ ಬೇರೆ. ಮಂಜುಗಡ್ಡೆ ಕರಗಿದ ಉಪ್ಪುನೀರು ರಸ್ತೆಯುದ್ದಕ್ಕೂ ಸುರಿಸಿಕೊಂಡು ಹೋಗುತ್ತವೆ. ಅದರ ಹಿಂದೆ ಹೋದರೆ ಗಾಡಿಯ ಅಡಿಗೆ ಉಪ್ಪಿನ ಸ್ನಾನ. ಜೂನ್ ಜುಲೈ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ (ಟ್ರಾಲಿಂಗ್) ನಿಷೇಧ, ಲಾರಿ ಕಡಿಮೆ. ಆದರೆ ಆಗ ಕಡಲೇ ಎದ್ದು ರಸ್ತೆಗೆ ಬರುತ್ತದೆ. ಮರವಂತೆಯಲ್ಲಿ ವೈಪರ್ ಹಾಕಿದರೆ ಗಾಜಿನ ಮೇಲೆ ಉಪ್ಪಿನ ಗೆರೆ ಮೂಡುತ್ತದೆ ನೋಡಿ.

ತೋಟದ ದಾರಿ

ಹಾಗಾದರೆ ಅಲ್ಯೂಮಿನಿಯಂ ಬೋರ್ಡು, ಸ್ಟೇನ್‌ಲೆಸ್ ಬೋಲ್ಟು. ಎರಡಕ್ಕೂ ತುಕ್ಕಿಲ್ಲ. ಅಲ್ವಾ?

ಉಪ್ಪಿನ ಹೆದ್ದಾರಿ

ಅಲ್ಲೇ ಇರುವುದು ತೊಡಕು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ನಿಂತರೆ ಅದೊಂದು ಸಣ್ಣ ಬ್ಯಾಟರಿ. ಒಂದು ಲೋಹ ಉಳಿಯುತ್ತದೆ, ಇನ್ನೊಂದು ಸವೆಯುತ್ತದೆ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಜೋಡಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಹುಡಿ ಬರುತ್ತದಲ್ಲ, ಅದೇ.

ಗಾತ್ರ ಕೂಡ ಮುಖ್ಯ. ದೊಡ್ಡ ಅಲ್ಯೂಮಿನಿಯಂ ಬೋರ್ಡಿಗೆ ಸಣ್ಣ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಸವೆತ ನಿಧಾನ, ಸಹಿಸಬಹುದು. ತಿರುಗಾ ಮುರುಗಾ ಮಾಡಿದರೆ, ಅಂದರೆ ದೊಡ್ಡ ಸ್ಟೇನ್‌ಲೆಸ್ ಪೈಪಿಗೆ ಸಣ್ಣ ಕಬ್ಬಿಣದ ಬೋಲ್ಟ್ ಹಾಕಿದರೆ, ಬೋಲ್ಟ್ ಬೇಗ ಕರಗಿ ಹೋಗುತ್ತದೆ. ಅಂಗಡಿಯವರು ಮಾಡುವುದು ಇದನ್ನೇ. ಪೈಪ್ ಫಳಫಳ, ಬೋಲ್ಟ್ ಮಾತ್ರ ಸಿಕ್ಕಿದ್ದು.

ನನ್ನದು ಫೋರ್ಡ್ ಎಫ್-150 ಪಿಕಪ್. 2015ರ ಮಾಡೆಲಿನಿಂದ ಅದರ ಬಾಡಿಯೇ ಅಲ್ಯೂಮಿನಿಯಂ, ಚಾಸಿ ಉಕ್ಕು. ಹಾಗಾಗಿ ಇಲ್ಲಿ ಎಲ್ಲರಿಗೂ ಇದರ ಚಿಂತೆ. ಉಪಾಯ ಸಿಂಪಲ್: ಎರಡು ಲೋಹದ ನಡುವೆ ನೈಲಾನ್ ವಾಷರ್, ಬ್ರ್ಯಾಕೆಟ್ ಕೂರುವ ಕಡೆ ತೆಳು ರಬ್ಬರ್ ಹಾಳೆ, ಬೋಲ್ಟಿನ ಎಳೆಗೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್.

ಪಾನಾ ಪೆಟ್ಟಿಗೆ

ರಬ್ಬರ್ ಹಾಳೆಗೆ ನನ್ನ ತಕರಾರಿದೆ. ರಬ್ಬರ್ ಅದುಮಿ ಸಡಿಲಾಗುತ್ತದೆ, ಬೋಲ್ಟ್ ಬಿಗಿ ಕಳೆದುಕೊಳ್ಳುತ್ತದೆ. ಅದರ ಹಿಂದೆ ನೀರೂ ನಿಲ್ಲುತ್ತದೆ. ಕಬ್ಬಿಣದ ಬ್ರ್ಯಾಕೆಟ್, ಕಬ್ಬಿಣದ ಚಾಸಿ ಆದರೆ ನಡುವೆ ಏನೂ ಬೇಡ. ಎರಡಕ್ಕೂ ಗಟ್ಟಿ ಪ್ರೈಮರ್, ಅದರ ಮೇಲೆ ವ್ಯಾಕ್ಸ್, ಆಮೇಲೆ ಬಿಗಿಸುವುದು. ನೈಲಾನ್ ವಾಷರ್ ಬೋರ್ಡಿನ ಕಡೆಗೆ ಮಾತ್ರ.

ಉಪ್ಪಿನ ಹೆದ್ದಾರಿ

ಒಪ್ಪಿದೆ. ನನ್ನದು ಅಲ್ಯೂಮಿನಿಯಂ ಬಾಡಿ, ನಿಮ್ಮದು ಕಬ್ಬಿಣ. ಅಲ್ಲಿ ಬೇಕಾಗಲಿಕ್ಕಿಲ್ಲ.

ಕಡಲತಡಿ

ಕೂರಿಸುವ ಕ್ರಮ ಯಾರಾದರೂ ಬಿಡಿಸಿ ಹೇಳುತ್ತೀರಾ? ಶನಿವಾರ ತಮ್ಮನ ಜೊತೆ ಮನೆಯಲ್ಲೇ ಮಾಡೋಣ ಅಂತ ಇದೆ.

ಪಾನಾ ಪೆಟ್ಟಿಗೆ

ಮಾಡಬಹುದು. ಕಷ್ಟದ ಕೆಲಸ ಅಲ್ಲ, ಅವಸರದ ಕೆಲಸ ಅಲ್ಲ ಅಷ್ಟೇ.

ಹಳೆಯದನ್ನು ಬಿಚ್ಚುವ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಇನ್ನೊಮ್ಮೆ. ಬಾರದ ಬೋಲ್ಟನ್ನು ಉದ್ದ ಪೈಪ್ ಸಿಕ್ಕಿಸಿ ತಿರುಗಿಸಬೇಡಿ. ಚಾಸಿಯೊಳಗೆ ವೆಲ್ಡ್ ಮಾಡಿದ ನಟ್ ಇದ್ದರೆ ಅದು ಕಿತ್ತು ಬಂದು ಒಳಗೇ ತಿರುಗಲು ಶುರುಮಾಡುತ್ತದೆ. ಆಮೇಲೆ ಅದಕ್ಕೆ ಕೈ ತಲುಪುವುದಿಲ್ಲ. ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲುಗಿಸಿ. ಆಗದಿದ್ದರೆ ತಲೆ ಗ್ರೈಂಡ್ ಮಾಡಿ ತೆಗೆಯಿರಿ. ಆದರೆ ಕಿಡಿ ಹಾರುವ ಮೊದಲು ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲಿ ಹೋಗುತ್ತದೆ ನೋಡಿಕೊಳ್ಳಿ. ಒದ್ದೆ ಬಟ್ಟೆ ಮುಚ್ಚಿ, ಬ್ಯಾಟರಿ ಕಳಚಿ.

ಬಿಚ್ಚಿದ ಮೇಲೆ ಚಾಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಸಿಹಿನೀರಿನಲ್ಲಿ ತೊಳೆಯಿರಿ. ಇದನ್ನು ಬಿಡುವವರೇ ಜಾಸ್ತಿ. ಉಪ್ಪು ಒಳಗಿಟ್ಟು ಮೇಲೆ ಎಷ್ಟು ಒಳ್ಳೆಯ ಪೇಂಟ್ ಹೊಡೆದರೂ ಗುಳ್ಳೆ ಏಳುತ್ತದೆ. ಪೂರ್ತಿ ಒಣಗಲಿ. ಉಜ್ಜಿದ ಮೇಲೂ ಕುಳಿಗಳಲ್ಲಿ ಉಳಿಯುವ ತುಕ್ಕಿಗೆ ರಸ್ಟ್ ಕನ್ವರ್ಟರ್. ಅದರಲ್ಲಿರುವುದು ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ. ಹಸಿ ಅಡಿಕೆಯ ಚೊಗರು ತಾಗಿದರೆ ಕತ್ತಿ ಕಪ್ಪಾಗುತ್ತದಲ್ಲ, ಟ್ಯಾನಿಕ್ ಆಮ್ಲ ಕಬ್ಬಿಣದ ಮೇಲೆ ಮಾಡುವುದು ಅದನ್ನೇ. ತುಕ್ಕು ಕಪ್ಪು ಪದರವಾಗಿ ನಿಲ್ಲುತ್ತದೆ. ಆದರೆ ಕನ್ವರ್ಟರ್ ಒಂದೇ ಸಾಕಾಗುವುದಿಲ್ಲ. ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಚಾಸಿ ಬ್ಲ್ಯಾಕ್ ಪೇಂಟ್. ಒಂದು ದಿನ ಒಣಗಲು ಬಿಡಿ.

ಕೂರಿಸುವಾಗ ಚಾಸಿಯಲ್ಲಿ ಕಂಪನಿ ಕೊಟ್ಟ ತೂತುಗಳನ್ನೇ ಬಳಸಿ. ಹೊಸ ತೂತು ಬೇಡ. ಬ್ರ್ಯಾಕೆಟ್ ಅರ್ಧ ಚಾಸಿಗೆ, ಅರ್ಧ ಬಾಡಿಗೆ ಸಿಕ್ಕಿಸುವ ಡಿಸೈನ್ ಇದ್ದರೆ ತಗೊಳ್ಳಲೇಬೇಡಿ. ಬಾಡಿ ಕೂತಿರುವುದು ರಬ್ಬರ್ ಬುಷ್ ಮೇಲೆ. ಓಡುವಾಗ ಚಾಸಿ ಒಂದು ಕಡೆ, ಬಾಡಿ ಒಂದು ಕಡೆ ಅಲುಗುತ್ತದೆ. ಮೊದಲು ಕಿರಿಕಿರಿ ಸದ್ದು, ಆಮೇಲೆ ಬಿರುಕು.

ಎಲ್ಲ ಬ್ರ್ಯಾಕೆಟ್ಟುಗಳನ್ನು ಕೈಯಲ್ಲೇ ಬೋಲ್ಟ್ ತಿರುಗಿಸಿ ಸಡಿಲವಾಗಿ ನಿಲ್ಲಿಸಿ. ಒಬ್ಬರು ಸ್ಟೆಪ್ ಹಿಡಿಯಲಿ, ಒಬ್ಬರು ಬೋಲ್ಟ್ ಹಾಕಲಿ. ಮುಂದೆ ಹಿಂದೆ ಬಾಡಿಯಿಂದ ಒಂದೇ ಅಂತರ ಇದೆಯಾ ಅಳತೆ ಹಿಡಿದು ನೋಡಿ, ನಾಲ್ಕೂ ಬಾಗಿಲು ತೆರೆದು ನೋಡಿ, ಆಮೇಲೆ ಬಿಗಿಸಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ತೂತು ಸೇರುವುದೇ ಇಲ್ಲ. ಕಿಟ್ಟಿನ ಜೊತೆ ಬಿಗಿಯ ಲೆಕ್ಕ ಕೊಟ್ಟಿದ್ದರೆ ಅದೇ ಸರಿ. ಇಲ್ಲದಿದ್ದರೆ 8.8 ದರ್ಜೆಯ ಎಂ8 ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ ಸುಮಾರು 45. ಪೇಸ್ಟ್ ಹಚ್ಚಿದ್ದರೆ ಸ್ವಲ್ಪ ಕಡಿಮೆ. ನಾಲ್ಕೈದು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪಾನಾ ಹಿಡಿಯಿರಿ.

ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕುವುದಾದರೆ ಇಂಪ್ಯಾಕ್ಟ್ ಗನ್ ಮುಟ್ಟಲೇಬೇಡಿ. ಒಂದಕ್ಕೊಂದು ಕಚ್ಚಿಕೊಂಡು ಅರ್ಧದಲ್ಲೇ ಜಾಮ್ ಆಗುತ್ತದೆ. ಕತ್ತರಿಸದೆ ಬೇರೆ ದಾರಿಯಿಲ್ಲ.

ಬೆಂಗ್ಳೂರ್ ಡಬಲ್ ಕ್ಯಾಬ್

ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ತೀನಿ.

ಒಂದು ಡೌಟು. ಇದಕ್ಕೆ ಆರ್‌ಟಿಒ ತಕರಾರು ಮಾಡ್ತಾರಾ? ಗಾಡಿಯ ಮುಂದೆ ಹಾಕಿಸುವ ಬುಲ್ ಬಾರ್ ಬ್ಯಾನ್ ಆಗಿದೆಯಲ್ಲ.

ವೆಲ್ಡಿಂಗ್ ಕಿಡಿ

2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯದಿಂದ ಪತ್ರ ಬಂದದ್ದು ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಬಗ್ಗೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳಿ. ಸ್ಟೆಪ್ ವಿಷಯದಲ್ಲಿ ನಾನು ಗಿರಾಕಿಗಳಿಗೆ ಹೇಳುವುದು ಇಷ್ಟೆ: ವೀಲ್ ಆರ್ಚಿಗಿಂತ ಹೊರಗೆ ಚಾಚಬಾರದು, ಚೂಪು ಮೂಲೆ ಇರಬಾರದು. ಕಂಪನಿ ಆಕ್ಸೆಸರಿ ಆದರೆ ಬಿಲ್ಲು ಗಾಡಿಯಲ್ಲೇ ಇಡಿ.

ಬಂದರು ಗಾಳಿ

ಇಷ್ಟೆಲ್ಲ ಯಾಕೆ ಮಾರಾಯ್ರೆ? ನಮ್ಮಲ್ಲಿ ಲಾರಿಯವರು ಮಳೆಗಾಲಕ್ಕೆ ಮೊದಲು ಎಂಜಿನ್ನಿನ ಹಳೇ ಆಯಿಲ್ ಅಡಿಗೆ ಸ್ಪ್ರೇ ಮಾಡಿಸುತ್ತಾರೆ. ಖರ್ಚು ಏನೂ ಇಲ್ಲ.

ಪಾನಾ ಪೆಟ್ಟಿಗೆ

ಖರ್ಚು ಆಮೇಲೆ ಬರುತ್ತದೆ. ಸುಟ್ಟ ಆಯಿಲಿನಲ್ಲಿ ಆಮ್ಲ, ಮಸಿ, ಲೋಹದ ಪುಡಿ ಇರುತ್ತದೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್, ರಬ್ಬರ್ ಬೂಟ್ ಎಲ್ಲ ಉಬ್ಬಿ ಮೆತ್ತಗಾಗುತ್ತವೆ. ಧೂಳು ಅಂಟಿ ಗಟ್ಟಿಯಾಗುತ್ತದೆ. ಮೊದಲ ಮಳೆಗೆ ಅರ್ಧ ಆಯಿಲ್ ತೊಳೆದು ತೋಡಿಗೆ, ಗದ್ದೆಗೆ. ಬಾವಿ ನೀರು ಕುಡಿಯುವ ಊರು ನಮ್ಮದು.

ಬಂದರು ಗಾಳಿ

ಬುಷ್ ವಿಷಯ ಗೊತ್ತಿರಲಿಲ್ಲ. ಆದರೆ ಎಣ್ಣೆ ಬಳಿಯುವ ಯೋಚನೆ ತಪ್ಪಲ್ಲ ಅಲ್ವಾ? ಹಿಂದೆ ಮರದ ದೋಣಿಗೆ ಬೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಉಪ್ಪುನೀರಲ್ಲೇ ಬದುಕುವ ದೋಣಿ ಅದು.

ಉಪ್ಪಿನ ಹೆದ್ದಾರಿ

ತಪ್ಪೇ ಅಲ್ಲ. ಇಲ್ಲಿ ಎಲ್ಲರೂ ಮಾಡುವುದು ಅದನ್ನೇ, ಎಣ್ಣೆ ಬೇರೆ ಅಷ್ಟೇ. ಕ್ರೌನ್, ರಸ್ಟ್ ಚೆಕ್ ಅಂತ ಅಂಗಡಿಗಳಿವೆ. ವರ್ಷಕ್ಕೊಮ್ಮೆ ಹೋದರೆ ತೆಳು ಎಣ್ಣೆ ಹೊಡೆದು ಕೊಡುತ್ತಾರೆ. ಸಂದಿಗೊಂದಿಗೆ ನುಗ್ಗುವುದು ಅದರ ಗುಣ. ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಸ್ಪ್ರೇ ಕೂಡ ಬರುತ್ತದೆ. ಬ್ರ್ಯಾಕೆಟ್ಟಿಗೆ ನನಗೆ ಅದೇ ಇಷ್ಟ. ಒಣಗುವುದಿಲ್ಲ, ಒಡೆಯುವುದಿಲ್ಲ. ಕುರಿ ವಾಸನೆ ಎರಡು ದಿನ ಇರುತ್ತದೆ, ತಡ್ಕೊಳ್ಳಿ.

ದಪ್ಪ ರಬ್ಬರಿನಂಥ ಅಂಡರ್‌ಬಾಡಿ ಕೋಟಿಂಗ್ ಮಾತ್ರ ತುಕ್ಕು ಹಿಡಿದ ಲೋಹದ ಮೇಲೆ ಹೊಡೆಸಬೇಡಿ. ಒಂದು ಕಲ್ಲು ತಾಗಿ ಬಿರುಕು ಬಿಟ್ಟರೆ ನೀರು ಒಳಹೋಗುತ್ತದೆ, ಹೊರಬರುವುದಿಲ್ಲ. ಹೊರಗಿನಿಂದ ಎಲ್ಲ ಚಂದ, ಒಳಗೆ ಹಪ್ಪಳ.

ತೋಟದ ದಾರಿ

ಈ ಕೊನೆಯ ಮಾತಿಗೆ ನನ್ನದೂ ಸಹಿ. ನಮ್ಮ ಹಳೇ ಜೀಪಿನ ಅಡಿಯಿಂದ ಅಂಥ ಕೋಟಿಂಗ್ ಹಾಳೆ ಹಾಳೆಯಾಗಿ ಬಂದಿತ್ತು, ತುಕ್ಕನ್ನೂ ಅಂಟಿಸಿಕೊಂಡು.

ವೆಲ್ಡಿಂಗ್ ಕಿಡಿ

ಬ್ರ್ಯಾಕೆಟ್ಟಿಗೆ ನನ್ನ ಸಲಹೆ ಬೇರೆ. 5 ಮಿಲಿಮೀಟರ್ ಪ್ಲೇಟಿನಲ್ಲಿ ಹೊಸದು ಮಾಡಿಸಿ, ಹಾಟ್ ಡಿಪ್ ಗ್ಯಾಲ್ವನೈಸಿಂಗಿಗೆ ಕೊಡಿ. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಆ ದಪ್ಪದ ಪ್ಲೇಟಿಗೆ 70 ಮೈಕ್ರಾನ್ ಆಸುಪಾಸು ಸತು ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಬೋಲ್ಟಿನ ಮೇಲೆ ಇರುವುದು 5ರಿಂದ 10 ಮೈಕ್ರಾನ್ ಅಷ್ಟೆ. ಪೌಡರ್ ಕೋಟಿಂಗ್ ಗೀರಿದರೆ ಅಲ್ಲಿಂದ ತುಕ್ಕು ಅಡಿಗೆ ಹರಿಯುತ್ತದೆ. ಸತುವಿನ ಪದರ ಗೀರಿದರೆ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಟ್ರಾನ್ಸ್‌ಮಿಷನ್ ಟವರುಗಳಿಗೆಲ್ಲ ಇದೇ ಅಲ್ವಾ ಮಾಡುವುದು.

ಎರಡು ಎಚ್ಚರ. ಎಲ್ಲ ವೆಲ್ಡಿಂಗ್, ಎಲ್ಲ ತೂತು ಮುಗಿದ ಮೇಲೆಯೇ ಡಿಪ್ಪಿಗೆ ಕಳಿಸಿ. ಪೇಂಟ್, ವೆಲ್ಡಿಂಗ್ ಸ್ಲ್ಯಾಗ್ ಇರಬಾರದು. ಡಿಪ್ಪಿಗೆ ಮೊದಲು ತೊಳೆಯುವ ಆಸಿಡ್ಡಿಗೆ ಅವು ಬಿಡುವುದಿಲ್ಲ, ಅಲ್ಲಿ ಸತು ಹಿಡಿಯುವುದಿಲ್ಲ. ಪೈಪನ್ನೂ ಕೊಡುವುದಾದರೆ ಎರಡೂ ತುದಿ ತೆರೆದಿರಬೇಕು, ಇಲ್ಲವೇ ಗಾಳಿ ತೂತು ಬೇಕೇಬೇಕು. ಪೂರ್ತಿ ಮುಚ್ಚಿದ ಪೈಪು ತೊಟ್ಟಿಯಲ್ಲಿ ಬಾಂಬಿನಂತೆ ಸಿಡಿಯುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಕೆಲಸದವರ ಜೀವ ಹೋಗುತ್ತದೆ.

ಕಡಲತಡಿ

ಬೋಲ್ಟುಗಳನ್ನೂ ಡಿಪ್ಪಿಗೆ ಕೊಡಬಹುದಾ?

ವೆಲ್ಡಿಂಗ್ ಕಿಡಿ

ಬೇಡ. ಎಳೆಗಳಲ್ಲಿ ಸತು ತುಂಬಿ ನಟ್ ಹತ್ತುವುದಿಲ್ಲ. ಡಿಪ್ ಮಾಡಿದ ಬೋಲ್ಟ್ ನಟ್ ಜೋಡಿಯಾಗಿಯೇ ಸಿಗುತ್ತವೆ, ಟವರ್ ಕೆಲಸಕ್ಕೆ ಬಳಸುವಂಥವು. ಅದನ್ನೇ ತಗೊಳ್ಳಿ.

ಕಡಲತಡಿ

ಎಲ್ಲರಿಗೂ ಧನ್ಯವಾದ. ಹೀಗೆ ತೀರ್ಮಾನ ಮಾಡಿದ್ದೇನೆ. ಅಲ್ಯೂಮಿನಿಯಂ ಬೋರ್ಡು, ಅಗಲ ಕಡಿಮೆ ಇರುವುದು. ಅಮ್ಮನ ಕಾಲಿಗೆ ದುಂಡು ಪೈಪಿಗಿಂತ ಚಪ್ಪಟೆ ಒಳ್ಳೆಯದು. ಬ್ರ್ಯಾಕೆಟ್ ಹೊಸದಾಗಿ ಮಾಡಿಸಿ ಡಿಪ್ ಮಾಡಿಸುತ್ತೇನೆ. ಬೋರ್ಡಿನ ಕಡೆ ನೈಲಾನ್ ವಾಷರ್. ಬಾಗಿಲ ಕೆಳಗಿನ ತೂತು ಮುಚ್ಚಿಸುವ ಕೆಲಸ ಟಿಂಕರಿಂಗಿನವರಿಗೆ ಕೊಟ್ಟೆ. ಅದನ್ನು ಮನೆಯಲ್ಲಿ ಮಾಡಲು ಧೈರ್ಯ ಬರಲಿಲ್ಲ.

ತೊಳೆಯುವುದು ಎಷ್ಟು ದಿನಕ್ಕೊಮ್ಮೆ?

ಪಾನಾ ಪೆಟ್ಟಿಗೆ

ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಾರ್ಡನ್ ಪೈಪಿನಲ್ಲಿ ಅಡಿಗೆ ಸಿಹಿನೀರು ಬಿಡಿ, ಸಾಕು. ಬಾವಿ ನೀರು ಸವುಳಾಗಿದ್ದರೆ ಅದು ಬೇಡ. ವಾಟರ್ ಸರ್ವಿಸಿಗೆ ಕೊಟ್ಟಾಗ ಪ್ರೆಶರ್ ಗನ್ ಬ್ರ್ಯಾಕೆಟ್ಟಿನ ಹತ್ತಿರ ಹಿಡಿಯಬೇಡಿ ಎಂದು ಹೇಳಿ, ಬಳಿದ ವ್ಯಾಕ್ಸ್ ಎಲ್ಲ ಎದ್ದು ಹೋಗುತ್ತದೆ. ಮೇ ಕೊನೆಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ವ್ಯಾಕ್ಸ್ ಅಥವಾ ಲ್ಯಾನೊಲಿನ್ ಹೊಸದಾಗಿ ಹೊಡೆಯಿರಿ. ಸೈಲೆನ್ಸರ್, ಬ್ರೇಕ್ ಡಿಸ್ಕಿಗೆ ಮಾತ್ರ ತಾಗಬಾರದು. ಬೋರ್ಡಿನ ಮೇಲ್ಭಾಗಕ್ಕೂ ಬೇಡ, ಅಮ್ಮ ಜಾರಿಯಾರು.

ತೋಟದ ದಾರಿ

ಅಲ್ಯೂಮಿನಿಯಂ ಬೋರ್ಡಿನ ಅಡಿಯಲ್ಲಿ ಉದ್ದಕ್ಕೆ ಕಾಲುವೆಯಂಥ ಗ್ರೂವ್ ಇರುತ್ತದೆ, ಟಿ ಆಕಾರದ ತಲೆಯ ಬೋಲ್ಟುಗಳನ್ನು ತುದಿಯಿಂದ ಅದರೊಳಗೆ ಜಾರಿಸಿ ತರಬೇಕು. ಎಷ್ಟು ಬೇಕೋ ಎಣಿಸಿ ಮೊದಲೇ ಒಳಗೆ ಹಾಕಿಕೊಳ್ಳಿ. ತುದಿಯ ಮುಚ್ಚಳ ಹಾಕಿ, ಬೋರ್ಡ್ ಮೇಲೆತ್ತಿ ನಿಲ್ಲಿಸಿದ ಮೇಲೆ ಒಂದು ಕಡಿಮೆ ಬಿತ್ತು ಅಂತಾದರೆ ಎಲ್ಲ ಮತ್ತೆ ಇಳಿಸಬೇಕು.

ಕಡಲತಡಿ

ಎಣಿಸಿದೆ ಅಣ್ಣ. ಒಂದು ಕಡೆಗೆ ಆರು ಬೇಕು, ಕಿಟ್ಟಿನಲ್ಲಿ ಐದೇ ಇದೆ. ಅಂಗಡಿಗೆ ಫೋನ್ ಮಾಡುತ್ತಿದ್ದೇನೆ.